ಹುಟ್ಟಿದಾಗ ಅಳದ ಮಗು: ಮನೆಗೆ ಕರೆತಂದ ಮೇಲೆ ವರ್ಷ ವರ್ಷವೂ ನೋಡಬೇಕಾದದ್ದು

ನನ್ನ ಮಗ ಹುಟ್ಟಿದ ಕೂಡಲೇ ಅಳಲಿಲ್ಲ. 12 ದಿನ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದ. ಮನೆಗೆ ಕಳಿಸುವ ದಿನ ನಾನು ಡಾಕ್ಟರನ್ನು ಕೇಳಿದ್ದು ಒಂದೇ ಮಾತು: "ಇವನು ನಡೀತಾನಾ ಸರ್?" "ಈಗಲೇ ಹೇಳೋಕಾಗಲ್ಲ ಅಮ್ಮ, ಫಾಲೋಅಪ್ ಮಾತ್ರ ತಪ್ಪಿಸಬೇಡಿ" ಅಂದರು. ಉತ್ತರ ಕೊಡದೆ ಜಾರಿಕೊಂಡರು ಅಂತ ಆಗ ಅನ್ನಿಸಿತ್ತು.

ಮಗ 1 ವರ್ಷ 5 ತಿಂಗಳಿಗೆ ನಡೆದ. ಅವತ್ತು ಬೀದಿಗೆಲ್ಲ ಸಕ್ಕರೆ ಹಂಚಿದೆವು. ಆಮೇಲೆ ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟೆವು. ನಾವು ಮಾಡಿದ ದೊಡ್ಡ ತಪ್ಪು ಅದೇ. ಎರಡನೇ ಕ್ಲಾಸಿಗೆ ಬಂದಾಗ ಓದು, ಗಮನ, ನೆನಪು ಎಲ್ಲದರಲ್ಲೂ ತೊಂದರೆ ಕಾಣಿಸಿತು. ಅಷ್ಟರಲ್ಲಿ ಐದು ವರ್ಷಕ್ಕೂ ಜಾಸ್ತಿ ಕಳೆದುಹೋಗಿತ್ತು. ಈಗ ಅವನಿಗೆ 9 ವರ್ಷ.

ಹುಟ್ಟುವಾಗ ಮೆದುಳಿಗೆ ಬಿದ್ದ ಪೆಟ್ಟು ಒಂದೇ ಸಲ ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಮೆದುಳಿನ ಯಾವ ಭಾಗಕ್ಕೆ ಯಾವಾಗ ಕೆಲಸ ಬೀಳುತ್ತದೋ ಆಗಲೇ ಅಲ್ಲಿನ ಕೊರತೆ ಗೊತ್ತಾಗುವುದು. ಕೂರುವ ವಯಸ್ಸಿಗೆ ಒಂದು ತರಹ, ಮಾತಿನ ವಯಸ್ಸಿಗೆ ಇನ್ನೊಂದು ತರಹ, ಮಗ್ಗಿ ಕಲಿಯುವ ವಯಸ್ಸಿಗೆ ಮತ್ತೊಂದು. ಅದಕ್ಕೇ ಒಂದೊಂದು ವಯಸ್ಸಿಗೂ ಒಂದೊಂದು ಪ್ರಶ್ನೆ ಹಿಡಿದುಕೊಂಡು ಹೋಗಬೇಕು. ನಾನು ಡಾಕ್ಟರಲ್ಲ, ತಾಯಿ. ಓದಿ, ಕೇಳಿ, ಎಡವಿ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿಟ್ಟಿದ್ದೇನೆ. ನಿಮ್ಮ ಮಗುವಿನ ಮದ್ದು, ಡೋಸು ಎಲ್ಲ ನಿಮ್ಮ ಡಾಕ್ಟರ್ ಹೇಳಿದ ಹಾಗೇ ಇರಲಿ.

ಹೆಜ್ಜೆ 1: ಫೈಲ್ ಮಾಡಿ, ಡಿಸ್ಚಾರ್ಜ್ ಸಮ್ಮರಿ ಓದಿಸಿಕೊಳ್ಳಿ

ಗಟ್ಟಿಯಾದ ಒಂದು ಫೈಲ್ ತನ್ನಿ. ತಾಯಿ ಕಾರ್ಡ್, ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್, ಸಿಡಿ ಎಲ್ಲ ಅದರಲ್ಲೇ ಇರಲಿ. ಎಲ್ಲವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಹತ್ತು ವರ್ಷದ ನಂತರವೂ ಹೊಸ ಡಾಕ್ಟರ್ ಮೊದಲು ಕೇಳುವುದು ಇದನ್ನೇ.

ಸಮ್ಮರಿಯಲ್ಲಿ ಇರುವುದು ಏನು ಅಂತ ಡಾಕ್ಟರ್ ಹತ್ತಿರ ಕೂತು ಕೇಳಿ. ಮಗು ಎಷ್ಟು ನಿಮಿಷಕ್ಕೆ ಅತ್ತಿತು? 5 ನಿಮಿಷದ ಆಪ್ಗರ್ (ಉಸಿರು, ಎದೆಬಡಿತ, ಬಣ್ಣ ನೋಡಿ 10ಕ್ಕೆ ಕೊಡುವ ಅಂಕ) ಎಷ್ಟು? ಫಿಟ್ಸ್ ಬಂದಿತ್ತಾ? ಎಷ್ಟನೇ ದಿನಕ್ಕೆ ತಾನೇ ಹಾಲು ಚೀಪಲು ಶುರುಮಾಡಿತು? ಉಸಿರುಕಟ್ಟಿ ಮೆದುಳಿಗೆ ರಕ್ತ, ಆಮ್ಲಜನಕ ಸಾಲದೆ ಹೋದದ್ದಕ್ಕೆ ಎಚ್‌ಐಇ ಅಂತ ಬರೆದಿರುತ್ತಾರೆ. ಅದರ ಪಕ್ಕದಲ್ಲಿ ಸ್ಟೇಜ್ 1, 2 ಅಥವಾ 3 ಅಂತ ಇರುತ್ತದೆ. ಈ ಮೂರು ಹಂತದ ಅಳತೆ 1976ರಿಂದ ಬಳಕೆಯಲ್ಲಿದೆ. ಸ್ಟೇಜ್ 1 ಆದ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಬೆಳೆಯುತ್ತಾರೆ. ಸ್ಟೇಜ್ 3ರಲ್ಲಿ ಎಷ್ಟೋ ಮಕ್ಕಳು ಉಳಿಯುವುದಿಲ್ಲ, ಉಳಿದವರಲ್ಲೂ ಹೆಚ್ಚಿನವರಿಗೆ ದೊಡ್ಡ ತೊಂದರೆ ಇರುತ್ತದೆ. ಸ್ಟೇಜ್ 2ರ ಮಕ್ಕಳ ಬಗ್ಗೆ ಮಾತ್ರ ಹೀಗೇ ಅಂತ ಹೇಳಲು ಬರುವುದಿಲ್ಲ. ನನ್ನ ಮಗ ಅದರಲ್ಲೇ ಇದ್ದ.

ಸಕ್ಕರೆ ಅಂಶ ತುಂಬಾ ಇಳಿದಿತ್ತಾ, ಕಾಮಾಲೆ ಜಾಸ್ತಿಯಾಗಿತ್ತಾ ಅಂತಲೂ ನೋಡಿ. ಹುಟ್ಟಿದ ಮೊದಲ ದಿನಗಳಲ್ಲಿ ಸಕ್ಕರೆ ಇಳಿದರೆ ಮೆದುಳಿನ ಹಿಂಭಾಗಕ್ಕೆ ಪೆಟ್ಟು ಬೀಳುವುದು ಹೆಚ್ಚು. ನೋಟಕ್ಕೆ ಸಂಬಂಧಪಟ್ಟ ಭಾಗ ಅದು. ಕಾಮಾಲೆ ವಿಪರೀತ ಏರಿದರೆ ಕಿವಿಗೂ ಕೈಕಾಲಿನ ಹಿಡಿತಕ್ಕೂ ತೊಂದರೆ. ಹೀಗೆ ಕಾರಣ ಗೊತ್ತಿದ್ದರೆ ಮುಂದೆ ಎಲ್ಲಿ ಕಣ್ಣಿಡಬೇಕು ಅಂತ ಗೊತ್ತಾಗುತ್ತದೆ.

ಎಂಆರ್‌ಐ ಮಾಡಿಸಿದ್ದರೆ ಒಂದೇ ಪ್ರಶ್ನೆ ಕೇಳಿ: "ಪೆಟ್ಟು ಬಿದ್ದಿರುವುದು ಎಲ್ಲಿ?" ಮೆದುಳಿನ ಒಳಗಿನ ಬೇಸಲ್ ಗ್ಯಾಂಗ್ಲಿಯಾ, ಥಾಲಮಸ್ ಅನ್ನುವ ಭಾಗಗಳಿಗೆ ಬಿದ್ದಿದ್ದರೆ ಕೈಕಾಲು ಆಡಿಸುವುದು, ನುಂಗುವುದು ಕಷ್ಟವಾಗುವ ಸಾಧ್ಯತೆ ಜಾಸ್ತಿ. ಎರಡು ರಕ್ತನಾಳಗಳ ಹರಿವು ಸೇರುವ ಅಂಚಿನ ಜಾಗಗಳಿಗೆ ಬಿದ್ದಿದ್ದರೆ ಮಗು ನಡೆಯಬಹುದು, ಓಡಬಹುದು. ಕಲಿಕೆ, ಮಾತು, ನಡವಳಿಕೆಯ ತೊಂದರೆ ಆಮೇಲೆ ತಲೆ ಎತ್ತಬಹುದು. ನಮ್ಮ ರಿಪೋರ್ಟಿನಲ್ಲಿ ಇದ್ದದ್ದು ಈ ಎರಡನೆಯದು. ಅದನ್ನು ಮೊದಲೇ ಯಾರಾದರೂ ಬಿಡಿಸಿ ಹೇಳಿದ್ದರೆ, ಅಥವಾ ನಾನೇ ಕೇಳಿದ್ದರೆ, ಐದು ವರ್ಷ ಹಾಳಾಗುತ್ತಿರಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಮಗುವಿನ ಮೈಯನ್ನು 33.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಸಿ 72 ಗಂಟೆ ಇಡುವ ಕೂಲಿಂಗ್ ಚಿಕಿತ್ಸೆ ಇದೆ. ಅದನ್ನು ಹುಟ್ಟಿದ 6 ಗಂಟೆಯೊಳಗೆ ಶುರುಮಾಡಬೇಕು. ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದರಲ್ಲಿ ಮಕ್ಕಳನ್ನು 6–7 ವರ್ಷದವರೆಗೂ ಗಮನಿಸಿದರು. ಕೂಲಿಂಗ್ ಆದವರಲ್ಲಿ 100ಕ್ಕೆ 52 ಮಕ್ಕಳು ಬದುಕುಳಿದು, ಐಕ್ಯೂ 85 ಅಥವಾ ಅದಕ್ಕಿಂತ ಹೆಚ್ಚು ಇತ್ತು. ಆಗದವರಲ್ಲಿ ಅದು 39. "ನಮ್ಮೂರ ಆಸ್ಪತ್ರೆಯಲ್ಲಿ ಆ ಮೆಷಿನ್ ಇರಲಿಲ್ಲ, ದೊಡ್ಡ ಊರಿಗೆ ಹೋಗಿದ್ದರೆ ಮಗು ಸರಿಯಾಗಿರುತ್ತಿತ್ತು" ಅಂತ ಎಷ್ಟೋ ತಾಯಂದಿರು ಇವತ್ತಿಗೂ ಕೊರಗುತ್ತಾರೆ. ಅವರಿಗೆ ಇದನ್ನೂ ತಿಳಿಸಬೇಕು: ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಹೆಲಿಕ್ಸ್ ಅಧ್ಯಯನದಲ್ಲಿ ಕೂಲಿಂಗ್‌ನಿಂದ ಆ ಲಾಭ ಕಾಣಲಿಲ್ಲ. ಸಾವು ಇನ್ನೂ ಹೆಚ್ಚಾಗಿತ್ತು. ಅದೊಂದು ಕೊರಗನ್ನು ಮನಸ್ಸಿನಿಂದ ಇಳಿಸಿಬಿಡಿ ಅಕ್ಕ.

ಹೆಜ್ಜೆ 2: ಮೊದಲ ವರ್ಷದ ಲೆಕ್ಕ ಇಟ್ಟುಕೊಳ್ಳಿ

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸಬೇಡಿ, ಡಾಕ್ಟರ್ ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ಎಣಿಸಿ. ಇಲ್ಲದಿದ್ದರೆ ಸುಮ್ನೆ ಗಾಬರಿಯಾಗುತ್ತೀರಿ.

ತಲೆಯ ಸುತ್ತಳತೆ ಪ್ರತಿ ಸಲವೂ ಅಳೆಸಿ, ಬರೆಸಿಕೊಳ್ಳಿ. ಒಂದು ಟೇಪ್ ಸಾಕು, ಆದರೂ ಬಹಳ ಕಡೆ ತೂಕ ಮಾತ್ರ ನೋಡಿ ಕಳಿಸಿಬಿಡುತ್ತಾರೆ. ತುಂಬು ತಿಂಗಳ ಮಗುವಿನ ತಲೆ ಹುಟ್ಟಿದಾಗ ಸುಮಾರು 35 ಸೆಂಟಿಮೀಟರ್ ಇರುತ್ತದೆ. ಮೊದಲ 3 ತಿಂಗಳು ತಿಂಗಳಿಗೆ 2 ಸೆಂಟಿಮೀಟರಿನಂತೆ, ಆಮೇಲಿನ 3 ತಿಂಗಳು 1ರಂತೆ, ನಂತರ ಅರ್ಧದಂತೆ ಬೆಳೆಯುತ್ತದೆ. ತಲೆ ಬೆಳೆಯುವುದು ನಿಂತರೆ ಒಳಗೆ ಮೆದುಳು ಬೆಳೆಯುತ್ತಿಲ್ಲ ಅಂತ ಅರ್ಥ. ಇದು ಬೇರೆ ಎಲ್ಲ ಲಕ್ಷಣಗಳಿಗಿಂತ ಮೊದಲೇ ಕಾಣಬಹುದು.

3ರಿಂದ 5 ತಿಂಗಳ ನಡುವೆ ಒಂದು ಕೆಲಸ ಮಾಡಿ. ಮಗು ಹೊಟ್ಟೆ ತುಂಬಿ ಎಚ್ಚರವಾಗಿದ್ದಾಗ ಚಾಪೆ ಮೇಲೆ ಅಂಗಾತ ಮಲಗಿಸಿ. ಬಟ್ಟೆ ಹಗುರವಾಗಿರಲಿ, ಕೈಕಾಲು ಕಾಣಲಿ. ಗಿಲಕಿ ಆಡಿಸಬೇಡಿ, ಮಾತಾಡಿಸಬೇಡಿ. ಮೇಲಿನಿಂದ 3–5 ನಿಮಿಷ ವಿಡಿಯೊ ಮಾಡಿ. ಈ ವಯಸ್ಸಿನ ಮಗುವಿನ ಕತ್ತು, ಭುಜ, ಮಣಿಕಟ್ಟು, ಸೊಂಟ, ಪಾದದಲ್ಲಿ ಸಣ್ಣ ಸಣ್ಣ ಚಲನೆ ಹರಿದಾಡುತ್ತಲೇ ಇರುತ್ತದೆ. ತರಬೇತಿ ಇರುವವರು ಅದನ್ನು ನೋಡಿ ಮುಂದೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ಪೆಟ್ಟಿನಿಂದ ಕೈಕಾಲಿನ ಹಿಡಿತ ತಪ್ಪುವ ತೊಂದರೆ) ಬರುವ ಸೂಚನೆ ಇದೆಯಾ ಅಂತ ಹೇಳಬಲ್ಲರು. ಇದರ ಜೊತೆಗೆ ಎಚ್‌ಐಎನ್‌ಇ ಅನ್ನುವ, ಡಾಕ್ಟರ್ ಕೈಯಿಂದಲೇ ಮಾಡುವ ನರಗಳ ಪರೀಕ್ಷೆ ಇದೆ. 2ರಿಂದ 24 ತಿಂಗಳ ಮಕ್ಕಳಿಗೆ ಮಾಡುವಂಥದ್ದು. 26 ಅಂಶ, 78 ಅಂಕ. ದುಬಾರಿ ಮೆಷಿನ್ ಏನೂ ಬೇಡ. "ಎಚ್‌ಐಎನ್‌ಇ ಸ್ಕೋರ್ ಎಷ್ಟು ಬಂತು ಡಾಕ್ಟ್ರೇ?" ಅಂತ ಕೇಳಿ ಫೈಲಿನಲ್ಲಿ ಬರೆಸಿ. ಎರಡು ವರ್ಷ ಕಾಯದೆ, ಐದಾರು ತಿಂಗಳಿಗೇ ಅಪಾಯ ತಿಳಿಯುವ ದಾರಿ ಇದು.

ನೀವು ಮನೆಯಲ್ಲಿ ನೋಡಬೇಕಾದ ಅಪಾಯದ ಲಕ್ಷಣಗಳು ಇಷ್ಟು. ಎರಡು ತಿಂಗಳು ದಾಟಿದ ಮೇಲೂ ಮುಖ ನೋಡಿ ನಗುತ್ತಿಲ್ಲ. ಮೂರು ತಿಂಗಳಾದರೂ ನಿಮ್ಮನ್ನು ಕಣ್ಣಲ್ಲಿ ಹಿಂಬಾಲಿಸುತ್ತಿಲ್ಲ. ನಾಲ್ಕು ತಿಂಗಳಾದರೂ ಕತ್ತು ನಿಂತಿಲ್ಲ, ಹೆಬ್ಬೆರಳು ಒಳಗೆ ಸೇರಿಸಿ ಮುಷ್ಟಿ ಬಿಗಿಹಿಡಿದೇ ಇರುತ್ತದೆ. ಎತ್ತಿಕೊಂಡರೆ ಕಾಲು ಕತ್ತರಿಯ ಹಾಗೆ ಅಡ್ಡಡ್ಡ ಆಗುತ್ತವೆ. 9 ತಿಂಗಳಾದರೂ ಆಸರೆ ಇಲ್ಲದೆ ಕೂರುತ್ತಿಲ್ಲ. 18 ತಿಂಗಳಾದರೂ ನಡೆಯುತ್ತಿಲ್ಲ. ಮತ್ತೆ ಒಂದು, ಎಲ್ಲರೂ ಖುಷಿಪಡುವ ಲಕ್ಷಣ: ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುವುದು. "ನೋಡು, ಈಗಲೇ ಎಡಗೈಯವನು" ಅಂತ ಹೆಮ್ಮೆಪಡುತ್ತೇವೆ, ಅಲ್ವಾ? ಆ ವಯಸ್ಸಿನ ಮಗು ಎರಡೂ ಕೈ ಸಮನಾಗಿ ಆಡಿಸಬೇಕು. ಒಂದನ್ನೇ ಆಡಿಸುತ್ತಿದ್ದರೆ ಇನ್ನೊಂದಕ್ಕೆ ಶಕ್ತಿ ಇಲ್ಲದಿರಬಹುದು.

"ನಿನ್ನ ಗಂಡನೂ ಮೂರು ವರ್ಷಕ್ಕೇ ಮಾತಾಡಿದ್ದು ಕಣಮ್ಮ, ಸುಮ್ನಿರು" ಅಂತ ನಮ್ಮತ್ತೆ ಹೇಳುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ ಹುಟ್ಟಿದಾಗ ಅಳದ ಮಗುವಿಗೆ ಆ ಲೆಕ್ಕ ನಡೆಯುವುದಿಲ್ಲ. ಕಾಯುವುದರಲ್ಲಿ ನಷ್ಟವೇ ಜಾಸ್ತಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೂಕ, ಚುಚ್ಚುಮದ್ದಿನ ಮಾತಷ್ಟೇ ಆಡಿ ಕಳಿಸಬೇಡಿ. ಈ ಮಗು ಎನ್‌ಐಸಿಯುನಲ್ಲಿತ್ತು ಅಂತ ಮೊದಲೇ ಹೇಳಿ.

ಹೆಜ್ಜೆ 3: ಬೆಚ್ಚಿಬೀಳುವಂಥ ಫಿಟ್ಸ್ ಗುರುತಿಸಿ

ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಥೆರಪಿ ಸೆಂಟರಿನ ಬೆಂಚಿನಲ್ಲಿ ನನಗೆ ಪರಿಚಯವಾದ ಒಬ್ಬ ಅಕ್ಕ ಇದ್ದಾರೆ. ಅವರ ಮಗಳು 5 ತಿಂಗಳಿಗೆ ಚೆನ್ನಾಗಿ ನಗುತ್ತಿದ್ದಳಂತೆ. ಒಂದು ದಿನ ಬೆಳಿಗ್ಗೆ ನಿದ್ದೆಯಿಂದ ಎದ್ದ ಕೂಡಲೇ ತಲೆ ಮುಂದಕ್ಕೆ ಬಾಗಿಸಿ, ಎರಡೂ ಕೈಗಳನ್ನು ತಬ್ಬಿಕೊಳ್ಳುವ ಹಾಗೆ ಚಾಚಿದಳು. ಒಂದೆರಡು ಸೆಕೆಂಡ್ ಅಷ್ಟೆ. ಮತ್ತೆ ಸರಿಯಾದಳು. ಹತ್ತು ಸೆಕೆಂಡ್ ಬಿಟ್ಟು ಮತ್ತೆ ಹಾಗೇ. ಹೀಗೆ ಇಪ್ಪತ್ತು ಸಲ. ಕೊನೆಗೆ ಅತ್ತಳು. ಮನೆಯಲ್ಲಿ ಒಬ್ಬರು ಹೊಟ್ಟೆನೋವು ಅಂದರು, ಒಬ್ಬರು ಬೆಚ್ಚಿಬಿದ್ದಿದೆ ಅಂದರು, ಅಜ್ಜಿ ಬಾಲಗ್ರಹ ಅಂದು ತಾಯತ ಕಟ್ಟಿಸಿದರು. ಎರಡು ತಿಂಗಳು ಹೀಗೇ ಹೋಯಿತು. ಅಷ್ಟರಲ್ಲಿ ಮಗು ನಗುವುದನ್ನೇ ನಿಲ್ಲಿಸಿತ್ತು, ಮುಖ ನೋಡುವುದನ್ನೂ ನಿಲ್ಲಿಸಿತ್ತು.

ಇದಕ್ಕೆ ಇನ್‌ಫ್ಯಾಂಟೈಲ್ ಸ್ಪಾಸಂ ಅನ್ನುತ್ತಾರೆ. ಸಾಮಾನ್ಯವಾಗಿ 3ರಿಂದ 12 ತಿಂಗಳ ನಡುವೆ ಶುರುವಾಗುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಮುಖ್ಯ ಕಾರಣಗಳೇ ಹುಟ್ಟುವಾಗ ಉಸಿರುಕಟ್ಟಿದ್ದು, ಸಕ್ಕರೆ ಇಳಿದದ್ದು. ಕೈಕಾಲು ಅದುರುವ, ಬಾಯಲ್ಲಿ ನೊರೆ ಬರುವ ಫಿಟ್ಸ್ ಅಲ್ಲ ಇದು. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಬೆಚ್ಚಿಬೀಳುವ ಮಗು ಸದ್ದಿಗೆ ಬೆಚ್ಚುತ್ತದೆ, ಒಂದು ಸಲ ಬೆಚ್ಚುತ್ತದೆ. ಇದು ಸದ್ದಿಲ್ಲದೆ ಬರುತ್ತದೆ, ಸಾಲುಸಾಲಾಗಿ ಬರುತ್ತದೆ, ಹೆಚ್ಚಾಗಿ ನಿದ್ದೆಯಿಂದ ಎದ್ದ ಹೊತ್ತಿಗೆ ಬರುತ್ತದೆ.

ಕಂಡರೆ ಏನು ಮಾಡಬೇಕು? ಆ ಸಾಲು ನಡೆಯುತ್ತಿರುವಾಗಲೇ ಮೊಬೈಲಿನಲ್ಲಿ ವಿಡಿಯೊ ಮಾಡಿ. ಅವತ್ತೇ ಅಥವಾ ಮರುದಿನವೇ ಮಕ್ಕಳ ಡಾಕ್ಟರಿಗೆ ತೋರಿಸಿ, ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಮಾಡಿಸಿ ಅಂತ ಕೇಳಿ. ಸಾಧ್ಯವಿದ್ದರೆ ಮಕ್ಕಳ ನರರೋಗ ತಜ್ಞರನ್ನು ನೋಡಿ. ಬೆಂಗಳೂರಿನ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ ಇದನ್ನು ನೋಡುತ್ತಾರೆ. ಎಸಿಟಿಎಚ್ ಇಂಜೆಕ್ಷನ್, ಬಾಯಿಗೆ ಕೊಡುವ ಸ್ಟೀರಾಯ್ಡ್, ವಿಗಾಬ್ಯಾಟ್ರಿನ್ ಅನ್ನುವ ಔಷಧಿಗಳಿವೆ. ಬೇಗ ಶುರುಮಾಡಿದಷ್ಟೂ ಮಗುವಿನ ಕಲಿಕೆ ಉಳಿಯುವ ಸಾಧ್ಯತೆ ಹೆಚ್ಚು. ವಾರಗಟ್ಟಲೆ ಕಾಯುವ ಕಾಯಿಲೆ ಅಲ್ಲ ಇದು.

ಮಾಮೂಲಿ ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದರಿಂದ ಏನೂ ಆಗುವುದಿಲ್ಲ, ಹೊತ್ತು ಹೋಗುತ್ತದೆ ಅಷ್ಟೆ. 5 ನಿಮಿಷ ದಾಟಿದರೆ ಆಸ್ಪತ್ರೆ. ಮೂಗಿಗೆ ಹೊಡೆಯುವ ಮಿಡಜೋಲಂ ಸ್ಪ್ರೇಯನ್ನು ಡಾಕ್ಟರ್ ಬರೆದುಕೊಟ್ಟಿದ್ದರೆ ಅದು ಸದಾ ಬ್ಯಾಗಿನಲ್ಲಿರಲಿ. ಇನ್ನೂ ಕೆಲವು ಕಡೆ ಇಂಥ ಮಕ್ಕಳಿಗೆ ಬರೆ ಹಾಕಿಸುತ್ತಾರೆ. ದಯವಿಟ್ಟು ಬೇಡ. ನೋವು ಹೇಳಿಕೊಳ್ಳಲೂ ಬಾರದ ಕೂಸು ಅದು.

ಹೆಜ್ಜೆ 4: ಕಿವಿ, ಕಣ್ಣು

ಎನ್‌ಐಸಿಯುನಲ್ಲಿದ್ದ ಮಗುವಿಗೆ ಕಿವಿಯಲ್ಲಿ ಸಣ್ಣ ಬಿರಡೆ ಇಟ್ಟು ಮಾಡುವ ಒಎಇ ಪರೀಕ್ಷೆ ಒಂದೇ ಸಾಲದು. ಅದು ಪಾಸಾದರೂ ಕಿವಿಯಿಂದ ಮೆದುಳಿಗೆ ಹೋಗುವ ನರದಲ್ಲಿ ತೊಂದರೆ ಇರಬಹುದು. ಆ ನರವನ್ನೂ ನೋಡುವ ಬೆರಾ ಪರೀಕ್ಷೆ ಮಾಡಿಸಿ ಅಂತ ಕೇಳಿ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತವಾಗಬೇಕು, ಆರು ತಿಂಗಳೊಳಗೆ ಹಿಯರಿಂಗ್ ಏಡ್ ಅಥವಾ ಚಿಕಿತ್ಸೆ ಶುರುವಾಗಬೇಕು. ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ಒಂದೇ ಕಡೆ ನೋಡುತ್ತಾರೆ.

ಕಣ್ಣಿನ ವಿಷಯದಲ್ಲಿ ಒಂದು ಗೊಂದಲ ಆಗುತ್ತದೆ. ಕಣ್ಣಿನ ಡಾಕ್ಟರ್ "ಕಣ್ಣು ಚೆನ್ನಾಗಿದೆ" ಅನ್ನುತ್ತಾರೆ, ಮಗು ಮಾತ್ರ ನೋಡುವುದಿಲ್ಲ. ಕಣ್ಣು ಕಂಡದ್ದನ್ನು ಮೆದುಳು ಹಿಡಿದುಕೊಳ್ಳುತ್ತಿಲ್ಲ. ಇದನ್ನು ಸಿವಿಐ ಅನ್ನುತ್ತಾರೆ. ಇಂಥ ಮಗುವಿಗೆ ಹತ್ತು ಬಣ್ಣದ ಆಟಿಕೆ ಎದುರಿಗೆ ಸುರಿದರೆ ಒಂದೂ ಕಾಣುವುದಿಲ್ಲ. ಕಪ್ಪು ಬಟ್ಟೆಯ ಮುಂದೆ ಒಂದೇ ಒಂದು ಕೆಂಪು ಅಥವಾ ಹಳದಿ ವಸ್ತು ಹಿಡಿದು ನಿಧಾನ ಅಲ್ಲಾಡಿಸಿ. ನೋಡಲು ಹೊತ್ತು ಕೊಡಿ. ಎಷ್ಟೋ ಮಕ್ಕಳ ನೋಟ ಹೀಗೇ ತಿಂಗಳು ತಿಂಗಳಿಗೆ ಸುಧಾರಿಸುತ್ತದೆ.

ಹೆಜ್ಜೆ 5: ಥೆರಪಿಯನ್ನು ಮನೆಯ ದಿನಚರಿಗೆ ಸೇರಿಸಿ

ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಹೋಗಿ, ಅರ್ಧ ಗಂಟೆ ಥೆರಪಿ ಮಾಡಿಸಿ, ಮನೆಗೆ ಬಂದು ಮಗುವನ್ನು ತೊಟ್ಟಿಲಿಗೆ ಹಾಕಿದರೆ ಹೆಚ್ಚು ಉಪಯೋಗವಿಲ್ಲ. ಥೆರಪಿಸ್ಟ್ ಮಾಡುವುದನ್ನು ನೀವು ಕಲಿಯಬೇಕು. "ಈ ವಾರ ಮನೆಯಲ್ಲಿ ಯಾವ ಒಂದು ಕೆಲಸ ಮಾಡಲಿ?" ಅಂತ ಪ್ರತಿ ಸಲ ಕೇಳಿ.

ಇದು ಬರೀ ಮಾತಲ್ಲ. ಬೆಳಗಾವಿ ಸುತ್ತಲಿನ ಹಳ್ಳಿಗಳು, ಪಾಕಿಸ್ತಾನ, ಜಾಂಬಿಯಾ ಮೂರೂ ಕಡೆ ಬ್ರೈನ್-ಹಿಟ್ ಅನ್ನುವ ಅಧ್ಯಯನ ನಡೆಯಿತು. ಹುಟ್ಟಿದಾಗ ಉಸಿರಾಡದೆ ಬ್ಯಾಗ್ ಮಾಸ್ಕ್‌ನಿಂದ ಉಸಿರು ಕೊಡಿಸಿಕೊಂಡ ಮಕ್ಕಳೂ ಅದರಲ್ಲಿದ್ದರು. ತೀರಾ ಗಂಭೀರ ಸ್ಥಿತಿಯ ಮಕ್ಕಳನ್ನು ಸೇರಿಸಿರಲಿಲ್ಲ. ತರಬೇತಿ ಪಡೆದವರು ಎರಡು ವಾರಕ್ಕೊಮ್ಮೆ ಮನೆಗೆ ಬಂದು, ವಯಸ್ಸಿಗೆ ತಕ್ಕ ಆಟಗಳನ್ನು ತಂದೆತಾಯಿಗೆ ಹೇಳಿಕೊಟ್ಟರು. ಮಕ್ಕಳ ಜೊತೆ ಆಡಿದ್ದು ಮನೆಯವರೇ. 3 ವರ್ಷಕ್ಕೆ ಅಳೆದಾಗ ಆ ಮಕ್ಕಳ ಬುದ್ಧಿ ಬೆಳವಣಿಗೆಯ ಅಂಕ ಉಳಿದವರಿಗಿಂತ ಮೇಲಿತ್ತು. ನಮ್ಮದೇ ಹಳ್ಳಿಯ ಮನೆಗಳಲ್ಲಿ, ನಮ್ಮಂಥ ತಾಯಂದಿರ ಕೈಯಲ್ಲಿ ಆದದ್ದು ಅದು.

ನಮ್ಮ ಮನೆಯಲ್ಲಿ ಹೇಗಿತ್ತು ಹೇಳುತ್ತೇನೆ. ಟವೆಲ್ ಸುರುಳಿ ಸುತ್ತಿ ಮಗನ ಎದೆ ಕೆಳಗೆ ಇಟ್ಟು ಬೋರಲು ಮಲಗಿಸುತ್ತಿದ್ದೆ. ಎದುರಿಗೆ ಫಳಫಳ ಅನ್ನುವ ಸ್ಟೀಲ್ ಲೋಟ. ತಲೆ ಎತ್ತಿ ಅದರಲ್ಲಿ ತನ್ನ ಮುಖ ನೋಡಬೇಕು. ಮೊದಲು ಎರಡು ಸೆಕೆಂಡ್ ಎತ್ತಿ ದೊಪ್ಪನೆ ಮೂಗು ಕುಟ್ಟಿಕೊಳ್ಳುತ್ತಿದ್ದ, ಅಳುತ್ತಿದ್ದ. ನಾನೂ ಅಳುತ್ತಿದ್ದೆ. ಡೈಪರ್ ಬದಲಿಸಿದಾಗಲೆಲ್ಲ ಒಂದೊಂದು ನಿಮಿಷ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಹತ್ತು ಸಲ. ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಲೋಟ ನೋಡಿ ತಲೆ ಎತ್ತಿದವನು, ಅದನ್ನು ದಾಟಿ ನನ್ನನ್ನು ನೋಡಿದ.

ಒಂದು ಕೈ ದುರ್ಬಲ ಇರುವ ಮಗುವಾದರೆ ಚೆನ್ನಾಗಿರುವ ಕೈಗೆ ಸ್ವಲ್ಪ ಹೊತ್ತು ಕೈಗವಸು ತೊಡಿಸಿ, ಇನ್ನೊಂದರಿಂದ ಆಡಿಸುವ ವಿಧಾನ ಇದೆ. ಥೆರಪಿಸ್ಟ್ ಹೇಳಿಕೊಟ್ಟ ಮೇಲೆ ಮಾಡಿ. ಚಕ್ರ ಇರುವ ಬೇಬಿ ವಾಕರ್ ಬೇಡ. ಎಣ್ಣೆ ನೀವಿ ಸ್ನಾನ ಮಾಡಿಸುವುದು ಸರಿ, ಅದು ಮಗುವಿಗೂ ಹಿತ. ಮೂಗಿಗೆ, ಬಾಯಿಗೆ ಎಣ್ಣೆ ಬಿಡಬೇಡಿ. ನುಂಗುವ ಹಿಡಿತ ಕಡಿಮೆ ಇರುವ ಮಗುವಿನ ಶ್ವಾಸಕೋಶಕ್ಕೆ ಅದು ಇಳಿಯುತ್ತದೆ. ಅದೇ ಕಾರಣಕ್ಕೆ ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯಲ್ಲಿ ರಾಗಿ ಸರಿ ಒತ್ತಿ ಕುಡಿಸುವುದೂ ಬೇಡ. ನೇರ ಕೂರಿಸಿ, ತಲೆ ಸ್ವಲ್ಪ ಮುಂದಕ್ಕಿರಲಿ, ಚಮಚದಲ್ಲಿ ನಿಧಾನ. ಊಟದ ಹೊತ್ತಿಗೆ ಪ್ರತಿ ಸಲ ಕೆಮ್ಮು, ಪದೇ ಪದೇ ನ್ಯುಮೋನಿಯಾ ಅಂದರೆ ನುಂಗುವುದನ್ನು ಪರೀಕ್ಷೆ ಮಾಡಿಸಿ.

ಖರ್ಚಿನ ಮಾತು. ಆರ್‌ಬಿಎಸ್‌ಕೆ ಅನ್ನುವ ಸರ್ಕಾರಿ ಕಾರ್ಯಕ್ರಮ 2013ರಿಂದ ಇದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ಅದರಡಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅನ್ನುವ, ಮಕ್ಕಳ ತೊಂದರೆಗೆ ಬೇಗ ಚಿಕಿತ್ಸೆ ಕೊಡುವ ಕೇಂದ್ರಗಳಿವೆ. ಜಿಲ್ಲಾಸ್ಪತ್ರೆಯಲ್ಲಿ "ಡಿಇಐಸಿ ಎಲ್ಲಿ?" ಅಂತ ಕೇಳಿ. ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಎಪಿಡಿ ಥರದ ಸಂಸ್ಥೆಗಳು ವರ್ಷಾನುಗಟ್ಟಲೆಯಿಂದ ಈ ಮಕ್ಕಳ ಜೊತೆ ಕೆಲಸ ಮಾಡುತ್ತಿವೆ.

ಹಣ ಎಲ್ಲಿ ಹಾಕಬಾರದು ಅಂತಲೂ ಹೇಳಿಬಿಡುತ್ತೇನೆ. ಮೆದುಳು ಚುರುಕಾಗುವ ಟಾನಿಕ್‌ಗಳಿಂದ ಈ ಪೆಟ್ಟು ವಾಸಿಯಾಗುವುದಿಲ್ಲ. ಹೆಚ್ಚು ಒತ್ತಡದ ಕೋಣೆಯಲ್ಲಿ ಕೂರಿಸಿ ಕೊಡುವ ಹೈಪರ್‌ಬಾರಿಕ್ ಆಕ್ಸಿಜನ್‌ನಿಂದ ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ ವಿಶೇಷ ಲಾಭವಿಲ್ಲ ಅಂತ 2001ರಲ್ಲೇ ಕೆನಡಾದ ಅಧ್ಯಯನ ತೋರಿಸಿತು. ಸ್ಟೆಮ್ ಸೆಲ್ ಅಂತ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಅದು ಸೆರೆಬ್ರಲ್ ಪಾಲ್ಸಿಗೆ ಒಪ್ಪಿದ ಚಿಕಿತ್ಸೆ ಅಲ್ಲ. ಹೊಲ ಮಾರಿ ಅದನ್ನು ಮಾಡಿಸಿದ ಒಂದು ಮನೆ ನನಗೆ ಗೊತ್ತು. ಆ ದುಡ್ಡಿನಲ್ಲಿ ಮಗುವಿಗೆ ಹತ್ತು ವರ್ಷ ಥೆರಪಿ ಆಗುತ್ತಿತ್ತು.

ಹೆಜ್ಜೆ 6: "ಸಿಪಿ" (ಸೆರೆಬ್ರಲ್ ಪಾಲ್ಸಿ) ಅಂತ ಹೇಳಿದರೆ

ಎದೆ ಒಡೆಯುವ ದಿನ ಅದು. ಒಂದೆರಡು ದಿನ ಅತ್ತುಬಿಡಿ. ಆಮೇಲೆ "ಜಿಎಂಎಫ್‌ಸಿಎಸ್ ಲೆವೆಲ್ ಎಷ್ಟು?" ಅಂತ ಕೇಳಿ. ಮಗು ಎಷ್ಟರಮಟ್ಟಿಗೆ ತಾನೇ ಓಡಾಡಬಲ್ಲದು ಅನ್ನುವ ಅಳತೆ ಅದು, 1ರಿಂದ 5ರವರೆಗೆ ಇರುತ್ತದೆ. 1 ಅಂದರೆ ತಾನೇ ನಡೆಯುವ ಮಗು, 5 ಅಂದರೆ ಕತ್ತು ನಿಲ್ಲಿಸಲೂ ಆಸರೆ ಬೇಕಾದ ಮಗು. 2 ವರ್ಷದೊಳಗೆ ತಾನೇ ಕೂರುವ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ನಡೆಯುತ್ತಾರೆ.

ಇಲ್ಲಿ ತಪ್ಪಿಹೋಗುವುದು ಸೊಂಟದ ಕೀಲು. ನಡೆಯದ ಮಕ್ಕಳಲ್ಲಿ ತೊಡೆಮೂಳೆ ನಿಧಾನವಾಗಿ ಕೀಲಿನಿಂದ ಹೊರಗೆ ಸರಿಯುತ್ತದೆ. ಮೊದಲು ನೋವಿರುವುದಿಲ್ಲ. ನೋವು ಬರುವಷ್ಟರಲ್ಲಿ ದೊಡ್ಡ ಆಪರೇಷನ್ ಬೇಕಾಗುತ್ತದೆ. ಲೆವೆಲ್ 3, 4, 5 ಇದ್ದರೆ ಆರು ತಿಂಗಳಿಗೋ ವರ್ಷಕ್ಕೋ ಒಂದು ಸೊಂಟದ ಎಕ್ಸ್‌ರೇ ಮಾಡಿಸಿ. ಕಾಲಿಗೆ ಸ್ಪ್ಲಿಂಟ್, ಬಿಗಿ ಸಡಿಲಿಸುವ ಬೋಟಾಕ್ಸ್ ಇಂಜೆಕ್ಷನ್ ಬಗ್ಗೆ ಮೂಳೆ ಡಾಕ್ಟರ್, ಥೆರಪಿಸ್ಟ್ ಇಬ್ಬರನ್ನೂ ಒಟ್ಟಿಗೆ ಕೇಳಿ.

ಕೈಕಾಲು ತಿರುಚುವ, ಮಾತು ಬಾರದ ಮಗುವನ್ನು ನೋಡಿ "ಇದಕ್ಕೇನೂ ಗೊತ್ತಾಗಲ್ಲ" ಅನ್ನುತ್ತಾರೆ. ಮಗುವಿನ ಎದುರಿಗೇ ಅನ್ನುತ್ತಾರೆ. ಇಂಥ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಎಲ್ಲ ಅರ್ಥವಾಗುತ್ತಿರುತ್ತದೆ, ಹೇಳಲು ಬಾಯಿ ಬರುವುದಿಲ್ಲ ಅಷ್ಟೆ. ನೀರು, ಊಟ, ಅಮ್ಮ, ನೋವು, ಸಾಕು ಹೀಗೆ ಚಿತ್ರ ಅಂಟಿಸಿದ ರಟ್ಟು ಮಾಡಿ. ಕೈಯಲ್ಲಿ ತೋರಿಸಲು ಆಗದಿದ್ದರೆ ಕಣ್ಣಲ್ಲಿ ತೋರಿಸಲಿ.

ಹೆಜ್ಜೆ 7: ನಡೆದ ಮೇಲೂ ನಿಲ್ಲಿಸಬೇಡಿ

ನಾನು ತಪ್ಪಿದ್ದು ಇಲ್ಲೇ. ನೀವು ತಪ್ಪಬೇಡಿ.

18 ತಿಂಗಳಿಂದ 2 ವರ್ಷದ ಒಳಗೆ ಪೂರ್ತಿ ಬೆಳವಣಿಗೆ ಪರೀಕ್ಷೆ ಮಾಡಿಸಿ. ಡಿಎಎಸ್‌ಐಐ ಅಥವಾ ಬೇಲಿ ಅನ್ನುವ ಪರೀಕ್ಷೆಗಳಿವೆ. ಆಟಿಸಂ ಪ್ರಶ್ನಾವಳಿಯೂ ಇದೇ ವಯಸ್ಸಿಗೆ. 3 ವರ್ಷಕ್ಕೆ ಮಾತು ನೋಡಿಸಿ. ಒಂದನೇ ಕ್ಲಾಸಿಗೆ ಸೇರಿಸುವ ಮೊದಲು, ಅಂದರೆ 5–6 ವರ್ಷಕ್ಕೆ, ಬುದ್ಧಿ ಮತ್ತು ಗಮನದ ಪರೀಕ್ಷೆ. 8ರ ಹೊತ್ತಿಗೆ ಓದು, ಬರಹ, ಲೆಕ್ಕದ್ದು. 2 ವರ್ಷದಲ್ಲಿ "ನಾರ್ಮಲ್" ಅಂತ ಬಂದ ಮಾತ್ರಕ್ಕೆ 8ರಲ್ಲೂ ಹಾಗೇ ಇರುತ್ತದೆ ಅಂತಲ್ಲ. 2 ವರ್ಷದ ಮಗುವಿಗೆ ಯಾರೂ ಮಗ್ಗಿ ಕೇಳುವುದಿಲ್ಲವಲ್ಲ.

ಸೆರೆಬ್ರಲ್ ಪಾಲ್ಸಿ ಇಲ್ಲದ ಮಕ್ಕಳಲ್ಲೂ ಶಾಲೆಯ ವಯಸ್ಸಿಗೆ ಕೆಲವು ತೊಂದರೆ ಕಾಣುತ್ತವೆ. ಕೆಲಸ ನಿಧಾನ. ಗಮನ ನಿಲ್ಲುವುದಿಲ್ಲ. ಮೂರು ಮಾತು ಒಟ್ಟಿಗೆ ಹೇಳಿದರೆ ಒಂದು ಉಳಿಯುತ್ತದೆ. ಲೆಕ್ಕ ಕಷ್ಟ. ಬೇಗ ಸಿಟ್ಟು, ಬೇಗ ಸುಸ್ತು. ಟೀಚರ್ ಇದನ್ನು "ಸೋಮಾರಿ" ಅಂತ ಬರೆದು ಕಳಿಸುತ್ತಾರೆ.

ನೆನಪಿನ ಒಂದು ವಿಚಿತ್ರ ತೊಂದರೆಯೂ ಇದೆ. ಹಿಪ್ಪೊಕ್ಯಾಂಪಸ್ ಅನ್ನುವ ನೆನಪಿನ ಭಾಗಕ್ಕೆ ಆಮ್ಲಜನಕದ ಕೊರತೆ ಬೇಗ ತಟ್ಟುತ್ತದೆ. ಇಂಥ ಮಕ್ಕಳು ಪಾಠ ಕಲಿಯುತ್ತಾರೆ, ಊರ ಹೆಸರು ಹೇಳುತ್ತಾರೆ, ಆದರೆ ಬೆಳಿಗ್ಗೆ ತಿಂದದ್ದು, ಬ್ಯಾಗ್ ಇಟ್ಟ ಜಾಗ, ನಿನ್ನೆ ಹೋದ ಮನೆ ನೆನಪಿರುವುದಿಲ್ಲ. ಲಂಡನ್ನಿನ ತಜ್ಞರು 1997ರಲ್ಲಿ ಇದನ್ನು ವಿವರಿಸಿದರು. ನನ್ನ ಮಗನಿಗೆ ಇದರ ಸೌಮ್ಯ ರೂಪ ಇದೆ ಅಂತ ಮನಶ್ಶಾಸ್ತ್ರಜ್ಞೆ ಹೇಳಿದ ದಿನ ನನಗೆ ಅಳು ಬಂತು. ಅದಕ್ಕೆ ಒಂದು ವರ್ಷ ಮೊದಲು ಮೂರು ಸಲ ಛತ್ರಿ ಕಳೆದುಕೊಂಡು ಬಂದನೆಂದು ಅವನಿಗೆ ಹೊಡೆದಿದ್ದೆ. ಬೇಕಂತಲೇ ಮಾಡುತ್ತಾನೆ ಅಂದುಕೊಂಡಿದ್ದೆ.

ಈಗ ನಾವು ಮಾಡುವುದು ಇದು. ಬಾಗಿಲ ಹಿಂದೆ ರಟ್ಟು ತೂಗುಹಾಕಿದ್ದೇವೆ: ಟಿಫಿನ್, ನೀರು, ಡೈರಿ, ಛತ್ರಿ. ಹೊರಡುವಾಗ ಒಂದೊಂದನ್ನೂ ಮುಟ್ಟಿ ಹೋಗುತ್ತಾನೆ. ಒಂದು ಸಲಕ್ಕೆ ಒಂದೇ ಮಾತು ಹೇಳುತ್ತೇವೆ. ರಾತ್ರಿ ಮಲಗುವಾಗ ಅವತ್ತು ಮೊಬೈಲಿನಲ್ಲಿ ತೆಗೆದ ಎರಡು ಫೋಟೊ ನೋಡಿ "ಇದು ಯಾವಾಗ ಆಯ್ತು?" ಅಂತ ಮಾತಾಡುತ್ತೇವೆ. ಟೀಚರನ್ನು ಭೇಟಿಯಾಗಿ ಮುಂದಿನ ಬೆಂಚು ಕೇಳಿದೆ, ಬೋರ್ಡಿನಿಂದ ಬರೆದುಕೊಳ್ಳುವ ಬದಲು ನೋಟ್ಸ್ ಫೋಟೊ ಕಳಿಸಿ ಅಂದೆ. ಒಪ್ಪಿದರು. ಸರ್ಕಾರಿ ಶಾಲೆಯಾದರೆ ನಿಮ್ಮ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಅನ್ನುವ ಶಿಕ್ಷಕರಿರುತ್ತಾರೆ, ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವವರು. ಶಾಲೆಗೆ ಬರಲಾಗದ ಮಗುವಾದರೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯನ್ನೂ ಅವರ ಹತ್ತಿರ ಕೇಳಿ.

ಹೆಜ್ಜೆ 8: ಕಾಗದ ಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆಗಳಿವೆ. ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಆಟಿಸಂ, ಕಲಿಕೆಯ ತೊಂದರೆ ಎಲ್ಲ ಅದರಲ್ಲಿವೆ. ಅಂಗವಿಕಲತೆ 40% ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಹೆಚ್ಚಿನ ಸೌಲಭ್ಯ ಸಿಗುತ್ತದೆ, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣವೂ ಸೇರಿ. ಪರೀಕ್ಷೆಗೆ ಹೆಚ್ಚು ಸಮಯ, ಬರೆಯಲು ಸಹಾಯಕರು, ಎರಡನೇ ಮೂರನೇ ಭಾಷೆಯ ವಿನಾಯಿತಿ ಬಗ್ಗೆಯೂ ಕಾಯ್ದೆ ಹೇಳುತ್ತದೆ. ಇದಕ್ಕೆಲ್ಲ ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಬೇಕು. ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ. ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲ್ಲೂಕಿನ ಎಂಆರ್‌ಡಬ್ಲ್ಯೂ ಅನ್ನುವ ಪುನರ್ವಸತಿ ಕಾರ್ಯಕರ್ತರು ಇದಕ್ಕೂ ಮಾಸಾಶನಕ್ಕೂ ಸಹಾಯ ಮಾಡುತ್ತಾರೆ. "ಕಾರ್ಡ್ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಕಟ್ಟಿದ ಹಾಗೆ" ಅಂತ ನಮ್ಮ ಯಜಮಾನರು ಎರಡು ವರ್ಷ ತಡೆದರು. ಮಗುವಿನ ಕಷ್ಟ ಕಾರ್ಡ್ ಇಲ್ಲದಿದ್ದರೂ ಇರುತ್ತದೆ, ಸಹಾಯ ಮಾತ್ರ ಇರುವುದಿಲ್ಲ.

ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ. ಥೆರಪಿ ಖರ್ಚಿಗೂ ಅದರಲ್ಲಿ ಜಾಗವಿದೆ. ಮಗು 18 ದಾಟಿದ ಮೇಲೂ ತನ್ನ ವ್ಯವಹಾರ ತಾನೇ ನೋಡಿಕೊಳ್ಳಲು ಆಗದ ಸ್ಥಿತಿ ಇದ್ದರೆ, ಇದೇ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಯಿಂದ ಪೋಷಕತ್ವ ಪತ್ರ ಪಡೆಯಬೇಕು. ತಂದೆತಾಯಿ ಅಂದ ಮಾತ್ರಕ್ಕೆ ಬ್ಯಾಂಕಿನವರು ಒಪ್ಪುವುದಿಲ್ಲ.

ಕೊನೆಗೆ, ಫೈಲಿನ ಮೊದಲ ಪುಟದ ಬಗ್ಗೆ. ಅದನ್ನು ಖಾಲಿ ಬಿಡಿ. ಪ್ರತಿ ಹುಟ್ಟುಹಬ್ಬದ ದಿನ ಅದರಲ್ಲಿ ಮೂರು ಸಾಲು ಬರೆಯಿರಿ: ಈ ವರ್ಷ ಹೊಸದಾಗಿ ಬಂದದ್ದು, ಇನ್ನೂ ಬಾರದ್ದು, ಡಾಕ್ಟರಿಗೆ ಕೇಳಬೇಕಾದದ್ದು. ಈ ಸಲ ನಮ್ಮದರಲ್ಲಿ ಹೀಗಿದೆ: "ಸೈಕಲ್ ಬಂತು. ಏಳರ ಮಗ್ಗಿ ಇನ್ನೂ ಇಲ್ಲ. ಐದನೇ ಕ್ಲಾಸಿಗೆ ದೊಡ್ಡ ಸ್ಕೂಲಿಗೆ ಸೇರಿಸಿದರೆ ತನ್ನ ಕ್ಲಾಸ್‌ರೂಮಿನ ದಾರಿ ನೆನಪಿಟ್ಟುಕೊಳ್ಳುವುದನ್ನು ಇವನಿಗೆ ಹೇಗೆ ಕಲಿಸಲಿ?"